ಇಪ್ಪತ್ತೆಂಟು ಮಕ್ಕಳ ಪಕ್ಕವಾದ್ಯ

— ಮೇಷ್ಟ್ರೇ, ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಯಾಕ್ಸೊಫೋನ್ ವಿದ್ವಾಂಸರೊಬ್ಬರು ಬರಲು ಒಪ್ಪಿದ್ದಾರೆ. ಕಚೇರಿಯ ಕೊನೆಯಲ್ಲಿ ಒಂದು ಕೃತಿಯನ್ನು ನಮ್ಮ ಮಕ್ಕಳ ಬ್ಯಾಂಡಿನ ಜೊತೆ ನುಡಿಸುತ್ತಾರಂತೆ. ಏಳನೆಯ ತರಗತಿಯಿಂದ ಹತ್ತನೆಯದರವರೆಗೆ 28 ಮಕ್ಕಳಿದ್ದಾರೆ. ಆಗಸ್ಟ್ ಹದಿನೈದಕ್ಕೆ ಮಾರ್ಚ್ ನುಡಿಸುತ್ತಾರೆ, ನಾಡಗೀತೆ ನುಡಿಸುತ್ತಾರೆ. ಅದಕ್ಕಿಂತ ಆಚೆಗೆ ಹೋದವರಲ್ಲ. ವಿದ್ವಾಂಸರ ಬೆರಳಿನ ಓಟ ಕೇಳಿದರೆ ನನಗೇ ದಿಗಿಲಾಗುತ್ತದೆ.

— ಯಾವ ಕೃತಿಯಮ್ಮ?

— ‘ರಘುವಂಶ ಸುಧಾಂಬುಧಿ’.

— ಸಂತೋಷ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರದು, ಕದನಕುತೂಹಲ ರಾಗ, ಆದಿತಾಳ. ನಮ್ಮ ಮೈಸೂರು ವಾಸುದೇವಾಚಾರ್ಯರು ತಿರುವೈಯಾರಿಗೆ ಹೋಗಿ ಕಲಿತದ್ದು ಇದೇ ಪಟ್ಣಂ ಅವರ ಹತ್ತಿರ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಿಂದ ಮನೆಮನೆಗೂ ಮುಟ್ಟಿದ ಕೃತಿಯೂ ಇದೇ. ನಿನ್ನ ಮಕ್ಕಳ ಮಟ್ಟಿಗೆ ಮುಖ್ಯವಾದದ್ದು ಬೇರೆ ಇದೆ. ಈ ರಾಗದ ಆರೋಹಣ ಸ ರಿ ಮ ದ ನಿ ಗ ಪ ಸ ಎಂದು ಹಾರಿ ಹಾರಿ ನಡೆಯುತ್ತದೆ. ತೋಡಿಯಲ್ಲಿ, ಭೈರವಿಯಲ್ಲಿ ಇರುವಷ್ಟು ಓಲಾಟ ಇದರಲ್ಲಿಲ್ಲ, ಸ್ವರಗಳು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ. ಕೀ ಒತ್ತಿ ಊದುವ ವಾದ್ಯಗಳಿಗೆ ಇದಕ್ಕಿಂತ ಒಗ್ಗುವ ರಾಗ ಸಿಗುವುದು ಕಷ್ಟ. ಶ್ರುತಿ ಯಾವುದಂತೆ?

— ಎರಡೂವರೆ ಮನೆ.

— ಹಾಗಾದರೆ ಅರ್ಧ ಗೆದ್ದೆ. ಎರಡೂವರೆ ಮನೆ ಅಂದರೆ ಇ ಫ್ಲ್ಯಾಟ್. ಆಲ್ಟೊ ಸ್ಯಾಕ್ಸೊಫೋನಿನ ಮಕ್ಕಳಿಗೆ ಅದು ಬರೆದ ಸಿ ಆಗುತ್ತದೆ, ಕ್ಲ್ಯಾರಿನೆಟ್ ಮತ್ತು ಟ್ರಂಪೆಟ್‌ನವರಿಗೆ ಎಫ್. ಎಲ್ಲರಿಗೂ ಬೆರಳು ಪಳಗಿದ ಜಾಗ. ಅವರೇನಾದರೂ ಒಂದೂವರೆ ಮನೆ ಅಂದಿದ್ದರೆ ಟ್ರೊಂಬೋನ್ ಹುಡುಗರ ಮುಂದೆ ಐದು ಫ್ಲ್ಯಾಟ್ ಬಂದು ಕೂತಿರುತ್ತಿದ್ದವು. ಮಕ್ಕಳ ಬ್ಯಾಂಡಿಗೆ ಕೃತಿ ಗೊತ್ತುಮಾಡುವ ಮೊದಲೇ ಶ್ರುತಿ ಗೊತ್ತುಮಾಡಬೇಕು. ಎಷ್ಟೋ ಕಡೆ ಇದನ್ನು ಕೊನೆಯ ವಾರಕ್ಕೆ ಬಿಡುತ್ತಾರೆ, ಆಮೇಲೆ ಬರೆದದ್ದನ್ನೆಲ್ಲ ಒಂದು ಮನೆ ಮೇಲೆ ಕೆಳಗೆ ಮಾಡುತ್ತ ರಾತ್ರಿ ಕಳೆಯುತ್ತಾರೆ.

— ಇವತ್ತೇ ಎಲ್ಲ ವಾದ್ಯಕ್ಕೂ ಬರೆಯಲು ಶುರುಮಾಡಲೇ?

— ಬೇಡ. ಮೊದಲು ಹಾಡಿಸು. 28 ಮಕ್ಕಳೂ ಪಲ್ಲವಿ, ಅನುಪಲ್ಲವಿ, ಚಿಟ್ಟೆಸ್ವರ ಬಾಯಲ್ಲಿ ಹಾಡಬೇಕು. ಬಾಸ್ ಡ್ರಮ್ ಬಾರಿಸುವವನೂ ಹಾಡಬೇಕು. ಚರಣ ಬಾರದಿದ್ದರೆ ಪರವಾಗಿಲ್ಲ, ಅದರ ನಡೆ ಕಿವಿಯಲ್ಲಿದ್ದರೆ ಸಾಕು.

— ಮೇಷ್ಟ್ರೇ, ಅವರು ಅದನ್ನು ನುಡಿಸುವುದೇ ಇಲ್ಲವಲ್ಲ! ಅವರಿಗಿರುವುದು ಸ, ಪ, ನಡುವೆ ಒಂದೆರಡು ಉದ್ದನೆಯ ಸ್ವರ. ಇರುವ ಸಮಯವನ್ನೆಲ್ಲ ಅವರದಲ್ಲದ ಪಾಠಕ್ಕೆ ಕೊಡಬೇಕೇ?

— ಅದಕ್ಕೇ ಹಾಡಬೇಕು ಅನ್ನುತ್ತಿರುವುದು. ಮೃದಂಗದವರನ್ನು ನೋಡಿದ್ದೀಯಲ್ಲ. ಗಾಯಕರು ಅನುಪಲ್ಲವಿ ಎತ್ತುವ ಮೊದಲೇ ಅವರ ಕೈ ಬದಲಾಗಿರುತ್ತದೆ. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು, ಯಾವ ಸಂಗತಿಯಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಹೇಗೆ ತಿಳಿಯುತ್ತದೆ? ಹಾಡು ಅವರಿಗೆ ಬರುತ್ತದೆ, ಅಷ್ಟೇ. ಪಕ್ಕವಾದ್ಯ ಅಂದರೆ ಮೆಲ್ಲಗೆ ನುಡಿಸುವುದು ಎಂದು ಮಕ್ಕಳು ತಿಳಿದುಕೊಂಡಿರುತ್ತಾರೆ. ನಾವು ದೊಡ್ಡವರೂ ಹಾಗೇ ಕಲಿಸುತ್ತೇವೆ, ‘ಮೆಲ್ಲಗೆ, ಮೆಲ್ಲಗೆ’ ಅನ್ನುತ್ತ ಕೋಲು ಆಡಿಸುತ್ತೇವೆ. ಮುಖ್ಯ ವಾದ್ಯದವರ ಪಾಠ ತನ್ನೊಳಗೆ ಓಡುತ್ತಿರುವ ಮಗು ತನ್ನ ಸ್ವರವನ್ನು ತಾನೇ ಸರಿಯಾದ ಅಳತೆಯಲ್ಲಿ ಇಡುತ್ತದೆ. ಅದು ಓಡದಿದ್ದರೆ ಎಷ್ಟು ಮೆಲ್ಲಗೆ ಊದಿದರೂ ಅಡ್ಡವೇ.

— ಕೇಳಿಸಿಕೊಂಡು ನುಡಿಸಿದರೆ ಸಾಲದೇ? ವಿದ್ವಾಂಸರ ಧ್ವನಿಮುದ್ರಿಕೆ ಇದೆ, ದಿನವೂ ಹಾಕಿ ಕೇಳಿಸಬಹುದು.

— ಕೇಳಿಸು, ಆದರೆ ಅದರ ಜೊತೆ ನುಡಿಸಿಸಬೇಡ. ಮುದ್ರಿಕೆಗೆ ಉಸಿರಿಲ್ಲ. ನಿನ್ನ ಮಕ್ಕಳು ಅರ್ಧ ಅಕ್ಷರ ತಪ್ಪಿದರೆ ಅದು ಕಾಯುವುದಿಲ್ಲ, ವೇದಿಕೆಯ ಮೇಲೆ ವಿದ್ವಾಂಸರಿಗೆ ಒಂದು ಸಂಗತಿ ಹೆಚ್ಚು ಹೊಳೆದರೆ ಅದು ಮುದ್ರಿಕೆಯಲ್ಲಿ ಇರುವುದಿಲ್ಲ. ಅದರ ಜೊತೆ ತಿಂಗಳುಗಟ್ಟಲೆ ನುಡಿಸಿದ ಮಕ್ಕಳು ಕಲಾವಿದರನ್ನು ಬಿಟ್ಟು ತಮ್ಮ ನೆನಪನ್ನು ಹಿಂಬಾಲಿಸುತ್ತಾರೆ. ಇನ್ನೊಂದು ತೊಂದರೆಯೂ ಇದೆ. ಕೇಳಿಸಿಕೊಂಡು ಆಮೇಲೆ ಊದುವ ಮಗು ಯಾವಾಗಲೂ ಒಂದಿಷ್ಟು ಹಿಂದೆಯೇ ಇರುತ್ತದೆ. ಆಲಾಪನೆಯಲ್ಲಿ ಪಿಟೀಲಿನವರು ಗಾಯಕರ ಹಿಂದೆ ನೆರಳಾಗಿ ಹೋಗಬಹುದು, ಅಲ್ಲಿ ತಾಳವಿಲ್ಲ. ಕೃತಿಯಲ್ಲಿ ಹಾಗೆ ಹೋದರೆ ಲಯ ಜಗ್ಗುತ್ತದೆ, ಕಲಾವಿದರು 28 ಜನರನ್ನು ಎಳೆದುಕೊಂಡು ಹೋಗಬೇಕಾಗುತ್ತದೆ.

— ಹಾಗಾದರೆ ಅಭ್ಯಾಸದಲ್ಲಿ ಅವರ ಪಾಲನ್ನು ನುಡಿಸುವವರು ಯಾರು?

— ನೀನು. ನಿನ್ನ ಕ್ಲ್ಯಾರಿನೆಟ್ ಇನ್ನೂ ಕೈಯಲ್ಲಿದೆ ತಾನೇ? ಸಂಗತಿಗಳನ್ನೆಲ್ಲ ನುಡಿಸಬೇಕಾಗಿಲ್ಲ, ಸಾಹಿತ್ಯದ ಮಟ್ಟು ಸಾಕು. ಬೇಕೆಂದೇ ಒಂದು ದಿನ ಚುರುಕಾಗಿ ನುಡಿಸು, ಒಂದು ದಿನ ನಿಧಾನ. ಒಂದು ದಿನ ಪಲ್ಲವಿಯನ್ನು ಹೇಳದೆ ಕೇಳದೆ ಎರಡು ಸಲ ಹೆಚ್ಚು ನುಡಿಸು. ಆಗ ತಾಳ ಹಾಕುವುದು ಯಾರು ಅಂತೀಯ? ಹತ್ತನೆಯ ತರಗತಿಯ ಒಬ್ಬಳನ್ನು ನಿಲ್ಲಿಸು.

— ತಾಳದ ಮಾತು ಬಂತಲ್ಲ, ನನ್ನ ದೊಡ್ಡ ಹೆದರಿಕೆ ಅಲ್ಲೇ ಇದೆ. ಅವರ ಬೆರಳು ಓಡಲು ಶುರುವಾದ ಕೂಡಲೇ ನಮ್ಮ ಮಕ್ಕಳೂ ಓಡುತ್ತಾರೆ. ಹಿಂದೆ ಒಮ್ಮೆ ಒಬ್ಬ ಹಳೆಯ ವಿದ್ಯಾರ್ಥಿ ಬಂದು ಟ್ರಂಪೆಟ್ ನುಡಿಸಿದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಅವನು ಅಕ್ಷರಕ್ಕೆ ನಾಲ್ಕು ಸ್ವರ ಹಾಕಿದ ತಕ್ಷಣ ಸೈಡ್ ಡ್ರಮ್‌ನವರು ದೌಡಾಯಿಸಿದರು, ಇಡೀ ಬ್ಯಾಂಡು ಅವರ ಹಿಂದೆ.

— ಸ್ವರ ದಟ್ಟವಾದರೆ ವೇಗ ಹೆಚ್ಚಿತು ಎಂದು ಕಿವಿಗೆ ಅನ್ನಿಸುತ್ತದೆ. ಮಕ್ಕಳ ತಪ್ಪಲ್ಲ. ಮೆಟ್ರೊನೋಮ್ 96ರಲ್ಲಿ ಅಕ್ಷರಕ್ಕೆ ನಾಲ್ಕರಂತೆ ನುಡಿಸಿದರೆ ಸೆಕೆಂಡಿಗೆ ಆರು ಸ್ವರಕ್ಕಿಂತ ಹೆಚ್ಚು ಸುರಿಯುತ್ತವೆ, ಹನ್ನೆರಡು ವರ್ಷದ ಕಿವಿ ಆ ಸುರಿಮಳೆಗೆ ಮೈಮರೆಯದೆ ಇದ್ದೀತೇ? ಇದಕ್ಕೆ ಮದ್ದನ್ನು ನಮ್ಮ ಹಿರಿಯರು ಮೊದಲ ಪಾಠದಲ್ಲೇ ಇಟ್ಟುಬಿಟ್ಟಿದ್ದಾರೆ. ಸರಳೆ ವರಸೆ ಮೂರು ಕಾಲದಲ್ಲಿ. ಕೈ ಅದೇ ನಡೆಯಲ್ಲಿ ಬೀಳುತ್ತಿರಬೇಕು, ಬಾಯಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಯಾಗುತ್ತ ಹೋಗಬೇಕು. ನಿನ್ನ ಬ್ಯಾಂಡಿನ ಮಕ್ಕಳಿಗೆ ದಿನಾ ಹತ್ತು ನಿಮಿಷ ಇದನ್ನು ಮಾಡಿಸು. ಅರ್ಧ ಮಕ್ಕಳು ತಾಳ ಹಾಕಲಿ, ಅರ್ಧ ಮಕ್ಕಳು ಮೂರನೆಯ ಕಾಲದಲ್ಲಿ ಹಾಡಿ ಅವರನ್ನು ಓಡಿಸಲು ನೋಡಲಿ. ತಾಳದವರು ಕದಲಬಾರದು. ಮಕ್ಕಳಿಗೆ ಇದು ಪಂದ್ಯದಷ್ಟೇ ಖುಷಿ ಕೊಡುತ್ತದೆ. ಇದಾದ ಮೇಲೆ ಅವರಿಗೆ ಒಂದು ಮಾತು ಹೇಳು: ಲಯ ನಿಮ್ಮದು, ವಿದ್ವಾಂಸರದಲ್ಲ. ನೀವು ಕದಲದೆ ಇದ್ದರೇ ಅವರು ಹಿಂದೆ ಮುಂದೆ ತೂಗಾಡಿ, ಕಟ್ಟಿ, ಬಿಡಿಸಿ, ಸಮಕ್ಕೆ ಬಂದು ಬೀಳಬಹುದು. ನೀವು ಕದಲಿದರೆ ಅವರು ತಮ್ಮ ವಿದ್ಯೆ ಬಿಟ್ಟು ನಿಮ್ಮನ್ನು ಕಾಯುತ್ತ ಕೂರಬೇಕು.

— ಮನೋಧರ್ಮ ಬಂದಾಗ? ಪಲ್ಲವಿಗೆ ಕಲ್ಪನಾಸ್ವರ ಹಾಕುತ್ತೇನೆ ಅಂದಿದ್ದಾರೆ. ಎಷ್ಟು ಆವರ್ತ ಅಂದರೆ ‘ನೋಡೋಣ’ ಅಂದರು. ಪಾಶ್ಚಾತ್ಯ ಕನ್ಚರ್ಟೊದ ಕೆಡೆನ್ಸಾ ಆದರೆ ವಾದ್ಯವೃಂದ ಸುಮ್ಮನೆ ಕೂತು, ಕೊನೆಯ ಟ್ರಿಲ್ ಕೇಳಿದಾಗ ಎದ್ದರೆ ಆಯಿತು. ಇಲ್ಲಿ ತಾಳ ನಡೆಯುತ್ತಲೇ ಇರುತ್ತದೆ. ನಮ್ಮ ಮಕ್ಕಳಿಗೆ ‘32 ಬಾರ್ ವಿರಾಮ’ ಎಂದು ಬರೆದುಕೊಟ್ಟರೆ ಎಣಿಸುತ್ತಾರೆ. ‘ನೋಡೋಣ’ ಎಂದು ಹೇಗೆ ಬರೆಯಲಿ?

— ಬರೆಯಬೇಡ, ತೋರಿಸು. ನೀನು ನಾಲ್ಕು ನಾಲ್ಕರ ಬಾರ್ ಎಂದು ಕೋಲು ಆಡಿಸಿದರೆ ಪ್ರತಿ ಬಾರೂ ಒಂದೇ ತರಹ ಕಾಣುತ್ತದೆ. ಆದಿತಾಳದ ಒಂದು ಆವರ್ತಕ್ಕೆ ಅಂಥ ಎರಡು ಬಾರ್ ಬೇಕು. ನಡುವೆ ತಲೆ ಎತ್ತಿ ನೋಡಿದ ಮಗುವಿಗೆ ಇದು ಮೊದಲನೆಯದೋ ಎರಡನೆಯದೋ ತಿಳಿಯುವುದೇ ಇಲ್ಲ. ಕೋಲು ಕೆಳಗಿಡು, ತಾಳ ಹಾಕು. ಒಂದು ಏಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಏಟು ಬೀಸು, ಏಟು ಬೀಸು. ಯಾವ ಗಳಿಗೆಯಲ್ಲಿ ನಿನ್ನ ಕೈ ನೋಡಿದರೂ ಆವರ್ತದಲ್ಲಿ ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಎದೆಯ ಮಟ್ಟಕ್ಕೆ ಎತ್ತಿ ಹಾಕು, ಹಿಂದಿನ ಸಾಲಿಗೂ ಕಾಣಲಿ.

— ಇದು ನನಗೆ ಹೊಳೆದಿರಲಿಲ್ಲ. ಆದರೂ ಯಾವ ಆವರ್ತದಲ್ಲಿ ಒಳಗೆ ಬರಬೇಕು ಎಂಬುದು?

— ಅದಕ್ಕೆ ಮುಕ್ತಾಯ ಕಲಿಸು. ಸ್ವರ ಮುಗಿಸುವಾಗ ಒಂದು ಕಟ್ಟನ್ನು ಮೂರು ಸಲ ಹೇಳಿ ಪಲ್ಲವಿಗೆ ಬಂದು ಸೇರುತ್ತಾರೆ. ಮಕ್ಕಳ ಕೈಯಲ್ಲಿ ತದಿಗಿಣತೋಂ ಹೇಳಿಸು, ಐದು ಅಕ್ಷರ. ಮೂರು ಸಲ ಹೇಳಿದರೆ 15. ಏಟಿಗೆ ನಾಲ್ಕರ ಲೆಕ್ಕದಲ್ಲಿ ಆವರ್ತದ ಕೊನೆಯ ನಾಲ್ಕು ಏಟಿಗೆ 16 ಆಗುತ್ತವೆ. ಒಂದು ಬಿಟ್ಟು ಹಿಡಿದರೆ 15 ಮುಗಿದ ಕೂಡಲೇ ಸಮ ಬಂತು. ಐದನೆಯ ಏಟಿನಲ್ಲಿ ಬಾಯಿ ಮುಚ್ಚಿ ಒಂದು ಎಣಿಸಿ, ಆಮೇಲೆ ಶುರುಮಾಡಲು ಹೇಳು. ಎರಡು ದಿನ ತಪ್ಪುತ್ತಾರೆ, ಮೂರನೆಯ ದಿನ ಅವರನ್ನು ಹಿಡಿಯುವವರಿಲ್ಲ, ಶಾಲೆಯ ಮೆಟ್ಟಿಲ ಮೇಲೆಲ್ಲ ತದಿಗಿಣತೋಂ ಹೇಳಿಕೊಂಡು ಓಡಾಡುತ್ತಾರೆ. ವಿದ್ವಾಂಸರು ಇದೇ ಕಟ್ಟು ಹಾಕಬೇಕೆಂದಿಲ್ಲ. ಒಂದೇ ಮಾತು ಮೂರು ಸಲ ಬರುತ್ತಿದೆ, ಮನೆ ಹತ್ತಿರ ಬಂತು ಎಂದು ಕಿವಿ ಹೇಳಿದರೆ ಸಾಕು. ಎರಡನೆಯ ಸಲಕ್ಕೆ ವಾದ್ಯ ತುಟಿಗೆ ಹೋಗಬೇಕು.

— ಮೂರು ಸಲ ಎಂದುಕೊಂಡು ಊದಿಬಿಟ್ಟು, ಅವರು ಮುಂದುವರಿಸಿದರೆ?

— ಅದಕ್ಕೆ ನಿನ್ನ ಎಡಗೈ ಇದೆ. ಬಲಗೈ ತಾಳಕ್ಕೆ, ಎಡಗೈ ಮುಷ್ಟಿ ಕಟ್ಟಿದ್ದರೆ ಯಾರೂ ಊದಬಾರದು, ತೆರೆದರೆ ಬರಬೇಕು. ವಿದ್ವಾಂಸರ ಮುಖ ನಿನಗೆ ಕಾಣಬೇಕು, ನಿನ್ನ ಕೈ ಅವರಿಗೂ ಮಕ್ಕಳಿಗೂ ಕಾಣಬೇಕು. ಅವರು ಜಮಖಾನದ ಮೇಲೆ ಮುಂದೆ ಕೂರುತ್ತಾರೆ, ಬ್ಯಾಂಡು ಬೆನ್ನ ಹಿಂದೆ. ನೀನು ನಡುವೆ ನಿಂತರೆ ಅವರಿಗೆ ಕಾಣುವುದೇ ಇಲ್ಲ. ಮೃದಂಗ ಇಲ್ಲದ ಬದಿಗೆ ಸರಿದು, ಅಡ್ಡವಾಗಿ ನಿಲ್ಲು.

— ಶಬ್ದದ ವಿಷಯಕ್ಕೆ ಬರುತ್ತೇನೆ. ಆರು ಟ್ರಂಪೆಟ್, ಮೂರು ಟ್ರೊಂಬೋನ್ ಅವರ ಬೆನ್ನಿಗೆ ನೇರವಾಗಿ ಊದಿದರೆ ಮೈಕ್ ಇದ್ದರೂ ಕಷ್ಟ. ಮೆಲ್ಲಗೆ ಊದಿ ಅಂದರೆ ಶ್ರುತಿ ಒಡೆಯುತ್ತದೆ.

— ಹೇಗೆ ಒಡೆಯುತ್ತದೆ ಎಂದು ಗಮನಿಸಿದ್ದೀಯಾ? ಕೊಳಲಿನ ಮಕ್ಕಳು ಮೆಲ್ಲಗೆ ಊದಿದರೆ ಶ್ರುತಿ ಇಳಿಯುತ್ತದೆ, ಕ್ಲ್ಯಾರಿನೆಟ್ ಮಕ್ಕಳು ಮೆಲ್ಲಗೆ ಊದಿದರೆ ಏರುತ್ತದೆ. ‘ಮೆಲ್ಲಗೆ’ ಅಂದ ಕೂಡಲೇ ಒಂದು ಮೇಲಕ್ಕೆ ಒಂದು ಕೆಳಕ್ಕೆ ಹರಿದುಹೋಗುತ್ತವೆ. ಮಕ್ಕಳ ತುಟಿಗೆ ಇನ್ನೂ ಆ ಹಿಡಿತ ಇರುವುದಿಲ್ಲ. ಹಾಗಾಗಿ ಉಸಿರು ಕಡಿಮೆ ಮಾಡಿಸಬೇಡ, ತಲೆ ಕಡಿಮೆ ಮಾಡು. ಹತ್ತು ಜನ ಹೆದರಿಕೊಂಡು ಊದುವುದಕ್ಕಿಂತ ಇಬ್ಬರು ಧೈರ್ಯವಾಗಿ, ತುಂಬಿದ ಉಸಿರಿನಲ್ಲಿ ಊದಿದರೆ ಶ್ರುತಿಯೂ ನಿಲ್ಲುತ್ತದೆ, ಸದ್ದೂ ಕಡಿಮೆಯಾಗುತ್ತದೆ. ಚರಣದಲ್ಲಿ ಎರಡು ಕ್ಲ್ಯಾರಿನೆಟ್, ಒಂದು ಯುಫೋನಿಯಂ, ಟ್ಯೂಬಾ ಸಾಕು. ವಿದ್ವಾಂಸರು ಮೂರನೆಯ ಕಾಲಕ್ಕೆ ಹೋದಾಗ ಟ್ಯೂಬಾ ಒಂದೇ. ಸೈಡ್ ಡ್ರಮ್ ಪೂರ್ತಿ ಬಿಡು, ಆ ಕೆಲಸ ಮೃದಂಗದ್ದು. ನುಡಿಸದಿದ್ದಾಗಲೂ ಅದರ ತಂತಿ ಸಡಿಲಿಸಿಡಲು ಹೇಳು, ಇಲ್ಲದಿದ್ದರೆ ಸ್ಯಾಕ್ಸೊಫೋನಿನ ಕೆಲವು ಸ್ವರಗಳಿಗೆ ತಾನಾಗಿಯೇ ಜುಯ್ ಎನ್ನುತ್ತಿರುತ್ತದೆ.

— ಹಾರ್ಮನಿ ಹೇಗೆ ಹಾಕಲಿ? ಶಂಕರಾಭರಣದ ಜನ್ಯ, ಮೇಜರ್ ಸ್ಕೇಲಿನ ಸ್ವರಗಳೇ. ಸ ಗ ಪ ಎಂದು ಕಾರ್ಡ್ ಹಾಕಿದರೆ ತುಂಬಿಕೊಳ್ಳುತ್ತದೆ.

— ತುಂಬುತ್ತದೆ, ಅದೇ ತೊಂದರೆ. ಸ ಪ ಹಿಡಿಯಲಿ, ಯಾರಿಗೂ ಅಡ್ಡಿಯಿಲ್ಲ. ಗಾಂಧಾರ ಮಾತ್ರ ಜಾಗ್ರತೆ. ತಂಬೂರಿಗೆ ಹೊಂದುವ ಶುದ್ಧವಾದ ಅಂತರ ಗಾಂಧಾರ ಹಾರ್ಮೋನಿಯಂ ಮನೆಯ ಗಾಂಧಾರಕ್ಕಿಂತ 14 ಸೆಂಟಿನಷ್ಟು ಕೆಳಗಿದೆ. ವಿದ್ವಾಂಸರು ಅಲ್ಲಿ ನಿಂತಿರುವಾಗ ನಿನ್ನ ಟ್ರಂಪೆಟ್ ಅದರ ಪಕ್ಕದಲ್ಲೇ ಇನ್ನೊಂದು ಗಾಂಧಾರ ಊದಿದರೆ ಎರಡೂ ಕೆಡುತ್ತವೆ. ಅವರು ಗಾಂಧಾರವನ್ನು ಸ್ವಲ್ಪ ಅಲುಗಿಸಿದರಂತೂ ಹೇಳುವುದೇ ಬೇಡ. ಅವರು ಉಸಿರು ತೆಗೆದುಕೊಳ್ಳುವಲ್ಲಿ, ಪಲ್ಲವಿ ಮುಗಿದು ನಿಲ್ಲುವಲ್ಲಿ ಬ್ಯಾಂಡು ಪೂರ್ತಿ ಕಾರ್ಡ್ ಹಾಕಲಿ, ಆಗ ತುಂಬಿದ ಸದ್ದಿಗೆ ಬೆಲೆ ಬರುತ್ತದೆ.

— ಒಂದು ಮಾತು ಹೇಳಲೇ? ನೀವು ಹೇಳಿದ್ದೆಲ್ಲ ಸರಿ. ಆದರೆ ಲೆಕ್ಕ ಹಾಕಿ ನೋಡಿ. ಚರಣಕ್ಕೆ ನಾಲ್ಕು ಜನ, ಓಟಕ್ಕೆ ಒಬ್ಬಳು, ಸೈಡ್ ಡ್ರಮ್ ಇಲ್ಲ, ಟ್ರಂಪೆಟ್ ಕೊನೆಗೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೈ ಕಟ್ಟಿ ಕೂತಿರುತ್ತಾರೆ. ಇದು ಪೊಲೀಸ್ ಬ್ಯಾಂಡ್ ಅಲ್ಲ ಮೇಷ್ಟ್ರೇ, ಶಾಲೆ. ಚೆನ್ನಾಗಿ ನುಡಿಸುವ ನಾಲ್ವರಿಗೆ ಇನ್ನೂ ಚೆನ್ನಾಗಿ ನುಡಿಸುವ ಅವಕಾಶ, ತಡವರಿಸುವವರಿಗೆ ಸಮವಸ್ತ್ರ ಮಾತ್ರ. ಅವರ ಅಪ್ಪ ಅಮ್ಮ ಬಂದಿರುತ್ತಾರೆ. ಅವರಿಗಿಂತ ಹೆಚ್ಚಾಗಿ, ಆ ಮಕ್ಕಳು ಅಂಥ ಕಲಾವಿದರ ಜೊತೆ ಒಂದೇ ವೇದಿಕೆಯಲ್ಲಿ ಮತ್ತೆ ಕೂರುತ್ತಾರೋ ಇಲ್ಲವೋ.

— ಬರದವರನ್ನು ಮುಂದೆ ಬಿಟ್ಟು ಕಲಾವಿದರ ಕಚೇರಿ ಕೆಡಿಸಬಾರದಲ್ಲ.

— ಕೆಡಿಸಲು ಬಿಡುವುದಿಲ್ಲ. ಹೊರಗಿಡಲೂ ಬಿಡುವುದಿಲ್ಲ. ಒಂದೊಂದು ಆವರ್ತದ ಸ ಪ ವನ್ನು ಒಂದೊಂದು ಜೋಡಿಗೆ ಹಂಚುತ್ತೇನೆ. ಮೊದಲ ಆವರ್ತ ಇಬ್ಬರು ಕ್ಲ್ಯಾರಿನೆಟ್, ಮುಂದಿನದು ಇಬ್ಬರು ಆಲ್ಟೊ, ಅದರ ಮುಂದಿನದು ಕೊಳಲು, ಹೀಗೆ. ಒಂದು ಸಲಕ್ಕೆ ಇಬ್ಬರೇ, ಆದರೆ ಕೃತಿ ಮುಗಿಯುವುದರೊಳಗೆ ಎಲ್ಲರೂ ಒಮ್ಮೆ ಆಧಾರ ಹಿಡಿದಿರುತ್ತಾರೆ. ಬಲವಿಲ್ಲದ ಮಗುವಿನ ಪಕ್ಕ ಬಲವಿರುವ ಮಗು. ಎಂಟು ಅಕ್ಷರ ಒಂದೇ ಸ್ವರವನ್ನು ನಡುಗದೆ ಹಿಡಿಯುವುದು ಆರನೆಯ ಟ್ರಂಪೆಟ್ ಹುಡುಗನಿಂದಲೂ ಆಗುತ್ತದೆ, ಅದನ್ನೇ ದಿನವೂ ಮಾಡಿಸಿದರೆ. ನುಡಿಸದೆ ಕೂತವರೆಲ್ಲ ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಿರುತ್ತಾರೆ.

— ಆಧಾರ ಶ್ರುತಿ ಕೈಯಿಂದ ಕೈಗೆ ದಾಟುತ್ತ ಹೋಗುವುದು… ದಾಟುವ ಜಾಗದಲ್ಲಿ ಸಂದು ಬೀಳುತ್ತದಲ್ಲ?

— ಹೊಸಬರು ಒಂದು ಏಟು ಮೊದಲೇ ಸೇರಲಿ, ಹಳಬರು ಸಮ ದಾಟಿ ಬಿಡಲಿ.

— ಆಗುತ್ತದೆ. ಚೆನ್ನಾಗಿದೆ. ನಾನಾಗಿದ್ದರೆ ಎಂಟು ಮಕ್ಕಳನ್ನು ಆರಿಸಿ ಉಳಿದವರನ್ನು ಕೊನೆಯ ಪಲ್ಲವಿಗೆ ಎಬ್ಬಿಸುತ್ತಿದ್ದೆ. ನಿನ್ನ ದಾರಿಯೇ ಸರಿ. ಬಣ್ಣವೂ ಬದಲಾಗುತ್ತ ಹೋಗುತ್ತದೆ, ಕೇಳುವವರಿಗೆ ಬೇಸರ ಬರುವುದಿಲ್ಲ. ಟ್ಯೂಬಾ ಮಾತ್ರ ಉದ್ದಕ್ಕೂ ಇರಲಿ, ನೆಲ ಇಲ್ಲದೆ ದಾಟಲಾಗದು.

— ಹೂಂ, ಟ್ಯೂಬಾ ಹುಡುಗಿ ಗಟ್ಟಿಗಿತ್ತಿ. ಮಕ್ಕಳು ಬೆರಗಾಗಿ ನೋಡುತ್ತ ಕೂತುಬಿಡುವುದಕ್ಕೆ ಏನು ಮಾಡಲಿ? ಅದು ನಿಜವಾದ ಅಪಾಯ. ಅವರ ಬೆರಳು ನೋಡುತ್ತ ತಮ್ಮ ಆವರ್ತ ಮರೆಯುತ್ತಾರೆ.

— ಆ ಬೆರಗನ್ನು ಅದುಮಬೇಡ, ಅದಕ್ಕಾಗಿಯೇ ಅಲ್ಲವೇ ನೀನು ಅವರನ್ನು ಕರೆಯುತ್ತಿರುವುದು. ಕಾರ್ಯಕ್ರಮಕ್ಕೆ ಎರಡು ವಾರ ಮೊದಲೇ ಅವರನ್ನು ಒಮ್ಮೆ ಶಾಲೆಗೆ ಬರಮಾಡಿಕೊ. ಆ ದಿನ ಅಭ್ಯಾಸವನ್ನು ಮೊದಲಿಗೆ ಇಡಬೇಡ. ಅವರು ಮಕ್ಕಳ ನಡುವೆ ಕೂತು ಅರ್ಧ ಗಂಟೆ ನುಡಿಸಲಿ. ಮಕ್ಕಳು ಕೀ ಮುಟ್ಟಿ ನೋಡಲಿ, ಗಮಕ ಹೇಗೆ ಬರುತ್ತದೆ, ಉಸಿರು ಎಲ್ಲಿ ತೆಗೆಯುತ್ತೀರಿ ಎಂದು ಕೇಳಲಿ. ಕಣ್ಣು ತಣಿದ ಮೇಲೆ ಕಿವಿ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ರಫಾಯೆಲ್ ಮೆಂಡೆಜ್ ಎಂಬ ಟ್ರಂಪೆಟ್ ವಾದಕ ಇದ್ದ. ಮೆಕ್ಸಿಕೊದಲ್ಲಿ 1906ರಲ್ಲಿ ಹುಟ್ಟಿದವನು. ಹಾಲಿವುಡ್ ಸ್ಟುಡಿಯೊದ ವಾದ್ಯವೃಂದದಲ್ಲಿ ಇದ್ದವನು, ಆಮೇಲೆ ಹೈಸ್ಕೂಲು, ಕಾಲೇಜು ಬ್ಯಾಂಡುಗಳ ಜೊತೆ ನುಡಿಸುತ್ತ ಊರೂರು ತಿರುಗಿದ. ಆ ಕಾಲದಲ್ಲಿ ಅವನಷ್ಟು ಚುರುಕು ನಾಲಗೆಯ ಟ್ರಂಪೆಟ್ ವಾದಕರು ಬೆರಳೆಣಿಕೆಯವರು. ಅಂಥವನು ಮಕ್ಕಳ ಬ್ಯಾಂಡಿನ ಮುಂದೆ ನಿಲ್ಲುವುದನ್ನು ಸಣ್ಣ ಕೆಲಸ ಅಂದುಕೊಳ್ಳಲಿಲ್ಲ. ನಾನು ಅದನ್ನು ಬಹಳ ದೊಡ್ಡದು ಎಂದು ತಿಳಿದಿದ್ದೇನೆ.

— ನಮ್ಮಲ್ಲೂ ಅದರ ಇನ್ನೊಂದು ಮುಖ ಇದೆಯಲ್ಲ. ಬಂಟ್ವಾಳದ ಕಡೆಯ ಸಜೀಪದ ನಾಗಸ್ವರ ಮನೆತನದ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ, ಅದನ್ನೇ ಹಿಡಿದ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಯಲ್ಲಿ ಕರ್ನಾಟಕ ಸಂಗೀತ ನುಡಿಸಿದ. ಬ್ಯಾಂಡು ಒಬ್ಬ ಕದ್ರಿ ಗೋಪಾಲನಾಥರನ್ನು ಕೊಟ್ಟಿತು. ಈಗ ಆ ದಾರಿಯ ವಿದ್ವಾಂಸರು ಬ್ಯಾಂಡಿಗೆ ಮರಳಿ ಬರುತ್ತಿದ್ದಾರೆ ಎಂದು ಮಕ್ಕಳಿಗೆ ಹೇಳಬೇಕೆಂದಿದ್ದೇನೆ.

— ಹೇಳು. ಮುತ್ತುಸ್ವಾಮಿ ದೀಕ್ಷಿತರನ್ನೂ ಸೇರಿಸು. ಮದರಾಸಿನ ಕಡೆ ಇಂಗ್ಲಿಷರ ಬ್ಯಾಂಡು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದರು. ‘ಶಕ್ತಿ ಸಹಿತ ಗಣಪತಿಂ’ ಕಲಿತ ಮಕ್ಕಳು ನಿನ್ನ ಬ್ಯಾಂಡಿನಲ್ಲೇ ನಾಲ್ಕಾರು ಮಂದಿ ಇರುತ್ತಾರೆ. ‘ಸಂತತಂ ಪಾಹಿಮಾಂ’ ಅಂತೂ ಬ್ರಿಟಿಷರ ರಾಷ್ಟ್ರಗೀತೆಯದೇ ಮಟ್ಟು. ನಮ್ಮ ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಬ್ಯಾಂಡಿಗೂ ನಮ್ಮ ಸಂಗೀತಕ್ಕೂ ನಂಟು ಹೊಸದಲ್ಲ, ನಿನ್ನ ಮಕ್ಕಳು ಪರರ ಮನೆಗೆ ಹೋಗುತ್ತಿಲ್ಲ.

— ವೇದಿಕೆಯ ದಿನ ಏನು ಗಮನಿಸಬೇಕು? ಬಯಲು ರಂಗಮಂದಿರ, ಡಿಸೆಂಬರ್ ಸಂಜೆ.

— ಚಳಿ. ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಊದುತ್ತ ಬಿಸಿಯಾದಂತೆ ಏರುತ್ತದೆ. ಎಲೆಕ್ಟ್ರಾನಿಕ್ ತಂಬೂರಿಗೆ ಇದು ಯಾವುದೂ ತಿಳಿಯದು, ಅದು ಇದ್ದಲ್ಲೇ ಇರುತ್ತದೆ. ಐದು ಗಂಟೆಗೆ ಶ್ರುತಿ ಕೂಡಿಸಿ, ಆಮೇಲೆ ಸ್ವಾಗತ, ವರದಿ, ಬಹುಮಾನ, ಮುಖ್ಯ ಅತಿಥಿಗಳ ಭಾಷಣ ಎಲ್ಲ ಮುಗಿದು ಏಳೂವರೆಗೆ ವೇದಿಕೆ ಹತ್ತಿದರೆ ಆ ಶ್ರುತಿ ಎಲ್ಲಿ ಉಳಿದಿರುತ್ತದೆ? ಭಾಷಣ ನಡೆಯುವಾಗ ಮಕ್ಕಳು ಹಿಂದಿನ ಕೋಣೆಯಲ್ಲಿ ವಾದ್ಯದೊಳಗೆ ಸದ್ದಿಲ್ಲದೆ ಬೆಚ್ಚನೆಯ ಉಸಿರು ಬಿಡುತ್ತಿರಲಿ. ವೇದಿಕೆಯ ಮೇಲೆ ತಂಬೂರಿ ಹಾಕಿಸಿ ಒಬ್ಬೊಬ್ಬರದೇ ಸ ಕೇಳು, ಕ್ಲ್ಯಾರಿನೆಟ್ ಬ್ಯಾರೆಲ್ ಎಳೆಯುವುದು ತಳ್ಳುವುದು ಅಲ್ಲೇ ಮಾಡು. ಸಭೆ ಕಾದರೆ ಕಾಯಲಿ. ಪಿಟೀಲಿನವರು ಶ್ರುತಿ ಕೂಡಿಸುವಾಗ ಕಾಯುವುದಿಲ್ಲವೇ? ಟ್ರಂಪೆಟ್ ಮಕ್ಕಳ ಕುರ್ಚಿಯನ್ನು ಒಂದಿಷ್ಟು ಓರೆ ಇಡು, ಬಾಯಿ ವಿದ್ವಾಂಸರ ಬೆನ್ನಿಗೆ ಬೇಡ.

— ಒಂದು ಮಗು ದಾರಿ ತಪ್ಪಿದರೆ?

— ಊದುವುದನ್ನು ನಿಲ್ಲಿಸಬೇಕು. ಹುಡುಕುತ್ತ ಊದಬಾರದು. ನಿನ್ನ ಬೆರಳು ನೋಡಿ ಆವರ್ತ ಹಿಡಿದು, ಟ್ಯೂಬಾ ಕೇಳಿ, ಮುಂದಿನ ಪಲ್ಲವಿಗೆ ಸೇರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಅಭ್ಯಾಸ ಮಾಡಿಸು. ನಡುನಡುವೆ ಇಬ್ಬರ ಹೆಸರು ಕೂಗಿ ‘ನೀವು ತಪ್ಪಿದ್ದೀರಿ’ ಅನ್ನು, ಅವರು ನಿಲ್ಲಿಸಿ ಮತ್ತೆ ಸೇರಿಕೊಳ್ಳಲಿ. ತಪ್ಪಿ ಸೇರುವುದು ಗೊತ್ತಿರುವ ಮಗುವಿಗೆ ತಪ್ಪುವ ಹೆದರಿಕೆ ಇರುವುದಿಲ್ಲ.

— ನನಗೆ ಇನ್ನೊಂದು ಆಸೆ ಇದೆ. ಹೇಳಿದರೆ ಅವರು ಏನೆಂದುಕೊಳ್ಳುತ್ತಾರೋ.

— ಹೇಳು.

— ಪಲ್ಲವಿಯನ್ನು ಒಂದು ಸಲ, ಒಂದೇ ಒಂದು ಸಲ, ಒಂಬತ್ತನೆಯ ತರಗತಿಯ ಕ್ಲ್ಯಾರಿನೆಟ್ ಹುಡುಗಿ ಒಬ್ಬಳೇ ನುಡಿಸಬೇಕು. ಆಗ ವಿದ್ವಾಂಸರು ಅವಳ 
ಕೆಳಗೆ ಸ ಹಿಡಿಯಬೇಕು. ಮಕ್ಕಳಿಗೆ ನಾವು ಇಷ್ಟು ದಿನ ಕಲಿಸಿದ ಕೆಲಸವನ್ನು ಅಂಥವರು ತಾವೇ ಮಾಡಿ ತೋರಿಸಿದಂತಾಗುತ್ತದೆ.

— ಕೇಳು. ಸಂಕೋಚ ಬೇಡ. ನಾನು ನೋಡಿದ ದೊಡ್ಡ ವಿದ್ವಾಂಸರಿಗೆಲ್ಲ ಸ ಹಿಡಿಯುವುದರಲ್ಲಿ ಹೆಮ್ಮೆಯೇ ಇತ್ತು. ಚೆನ್ನಾಗಿ ಸ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತು. ಆ ಹುಡುಗಿಗೆ ಮಾತ್ರ ಈಗಲೇ ಹೇಳಬೇಡ, ಪಲ್ಲವಿಯನ್ನು ಅವಳ ಕೈಯಲ್ಲಿ ಬೇರೆ ನೆಪ ಹೇಳಿ ನುಡಿಸಿಸುತ್ತಿರು.

— ಇಲ್ಲ, ಅವಳಿಗೆ ಇವತ್ತೇ ಹೇಳುತ್ತೇನೆ. ಅವಳು ತಯಾರಾಗಬೇಕಾದರೆ ತನಗೇನು ಕಾದಿದೆ ಎಂದು ಗೊತ್ತಿರಬೇಕು. ವಿದ್ವಾಂಸರಿಗೆ ರಾತ್ರಿ ಫೋನ್ ಮಾಡುತ್ತೇನೆ. ಕೇಳಬೇಕಾದ್ದು ಇನ್ನೇನಾದರೂ ಇದೆಯೇ?

— ಎಷ್ಟು ವೇಗದಲ್ಲಿ ಪಲ್ಲವಿ ಎತ್ತುತ್ತಾರೆ, ಅದನ್ನು ಅವರು ಹಾಡಿಯೇ ತೋರಿಸಲಿ, ನೀನು ಮೆಟ್ರೊನೋಮಿಗೆ ಹಿಡಿದುಕೊ. ಮುಕ್ತಾಯಕ್ಕೆ ಸಾಮಾನ್ಯವಾಗಿ ಯಾವ ಕಟ್ಟು ಹಾಕುತ್ತಾರೆ. ಪಲ್ಲವಿಯ ಎತ್ತುಗಡೆಗೆ ತಲೆಯಾಡಿಸುತ್ತಾರೋ, ಕಣ್ಣು ತೋರಿಸುತ್ತಾರೋ. ಮೃದಂಗಕ್ಕೆ ಯಾರು ಬರುತ್ತಾರೆ, ಅವರೂ ಅಭ್ಯಾಸದ ದಿನ ಬರಬಹುದೇ. ಹುಡುಗಿಯ ಮಾತನ್ನು ಇವೆಲ್ಲ ಮುಗಿದ ಮೇಲೆ ಎತ್ತು.

— ಮೊದಲೇ ಎತ್ತುತ್ತೇನೆ ಮೇಷ್ಟ್ರೇ. ಅದಕ್ಕೆ ಒಪ್ಪಿದರೆ ಉಳಿದದ್ದಕ್ಕೆಲ್ಲ ಒಪ್ಪಿದ ಹಾಗೆ.